ಕೊಡುವ ಕೈ, ದುಡಿಯುವ ಕೈ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಎರಡು ಬುದ್ಧಿಮಾತುಗಳನ್ನು ತಪ್ಪದೆ ಹೇಳುತ್ತೇವೆ. ಚೆನ್ನಾಗಿ ಓದಿ ಒಳ್ಳೆಯ ಕೆಲಸಕ್ಕೆ ಸೇರು ಎಂಬುದು ಮೊದಲನೆಯದು. ದೇವರು ಕೊಟ್ಟಾಗ ನಾಲ್ಕು ಜನಕ್ಕೆ ಉಪಕಾರ ಮಾಡು ಎಂಬುದು ಎರಡನೆಯದು. ಎರಡೂ ಒಳ್ಳೆಯ ಮಾತುಗಳೇ. ಆದರೆ ಅವನ್ನು ಹೇಳುವ ಕ್ರಮದಲ್ಲಿಯೇ ಮೂರನೆಯ ಮಾತೊಂದು ಅಡಗಿದೆ. ಮೊದಲು ಗಳಿಸು, ಆಮೇಲೆ ಕೊಡು. ನಿನಗೆ ಸಾಕಾಗಿ ಮಿಕ್ಕಿದ್ದು ಪರರಿಗೆ, ಎಂಬುದೇ ಆ ಮೂರನೆಯ ಮಾತು. ಮಕ್ಕಳು ಜಾಣರು. ನಾವು ಬಾಯಿಬಿಟ್ಟು ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದನ್ನೇ ಬೇಗ ಕಲಿಯುತ್ತಾರೆ. ಹೀಗಾಗಿ ಸಮಾಜಸೇವೆಯ ಮಾತೆತ್ತಿದರೆ ನಮ್ಮ ತರುಣರಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ಮೊದಲು ಸೆಟಲ್ ಆಗುತ್ತೇವೆ ಅಂಕಲ್, ಆಮೇಲೆ ಖಂಡಿತ ಮಾಡೋಣ."

ಈ ಉತ್ತರವನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮುಂಬಯಿಯಂಥ ನಗರದಲ್ಲಿ ತಲೆಯ ಮೇಲೊಂದು ಸೂರು ಮಾಡಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿಯ ವಾಚಕರಿಗೆ ಹೇಳಬೇಕಾಗಿಲ್ಲ. ತೊಂದರೆ ಇರುವುದು ಆ 'ಸೆಟಲ್' ಎಂಬ ಶಬ್ದದಲ್ಲಿ. ಅದು ನಡೆದಂತೆಲ್ಲ ಮುಂದೆ ಸರಿಯುವ ಗುರಿ. ಬಾಡಿಗೆಯ ಮನೆಯಾದ ಮೇಲೆ ಸ್ವಂತ ಮನೆ, ಮನೆಯಾದ ಮೇಲೆ ಅದರ ಕಂತು, ಕಂತು ಮುಗಿಯುವ ಹೊತ್ತಿಗೆ ಮಕ್ಕಳ ಕಾಲೇಜು, ಕಾಲೇಜು ಮುಗಿದರೆ ಮದುವೆ. 'ಆಮೇಲೆ' ಎಂಬುದು ಬರುವ ಹೊತ್ತಿಗೆ ಮೊಣಕಾಲು ನೋವು ಬಂದಿರುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಇದು: ಸೇವೆ ಎಂಬುದು ಗಳಿಕೆಯ ಅನಂತರ ಬರತಕ್ಕದ್ದೇ, ಅಥವಾ ಗಳಿಕೆಯ ಒಳಗೇ ಇರತಕ್ಕದ್ದೇ? ದಾನ ಬೇರೆ, ಉದ್ಯಮ ಬೇರೆ ಎಂದು ಎರಡು ಕೋಣೆಗಳಲ್ಲಿ ಇಟ್ಟದ್ದು ಸರಿಯೇ?

ಇದನ್ನು ಬರೆಯುವವನು ವ್ಯಾಪಾರಿಯೂ ಅಲ್ಲ, ದಾನಿಯೂ ಅಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ನಮ್ಮಂಥವರಿಗೆ 1964ರ ನಡತೆ ನಿಯಮಗಳಿವೆ. ಅದರ 15ನೆಯ ನಿಯಮದ ಪ್ರಕಾರ ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರ, ಉದ್ಯೋಗ ಮಾಡುವಂತಿಲ್ಲ. 12ನೆಯ ನಿಯಮದ ಪ್ರಕಾರ ಅನುಮತಿಯಿಲ್ಲದೆ ಚಂದಾ ಎತ್ತುವಂತೆಯೂ ಇಲ್ಲ. ಆದರೆ ಅದೇ 15ನೆಯ ನಿಯಮ ಒಂದು ಬಾಗಿಲನ್ನು ತೆರೆದಿಟ್ಟಿದೆ: ಸಮಾಜಸೇವೆಯ ಅಥವಾ ಧರ್ಮಕಾರ್ಯದ ಸ್ವರೂಪದ ಗೌರವ ಕೆಲಸವನ್ನು, ಕಚೇರಿಯ ಕರ್ತವ್ಯಕ್ಕೆ ಬಾಧಕವಾಗದ ಹಾಗೆ, ಅನುಮತಿ ಕೇಳದೆ ಮಾಡಬಹುದು. ಅಂದರೆ ವ್ಯಾಪಾರವಿಲ್ಲ, ವಸೂಲಿಯಿಲ್ಲ. ಕೈಯಲ್ಲಿ ಉಳಿದದ್ದು ಸಂಜೆಯ ಎರಡು ಗಂಟೆ ಮತ್ತು ಭಾನುವಾರ. ಹಣವಿಲ್ಲದೆ ಸೇವೆ ಸಾಧ್ಯವೇ ಎಂಬ ಪ್ರಶ್ನೆ ನನ್ನಂಥವರಿಗೆ ಬರಿಯ ತತ್ತ್ವವಿಚಾರವಲ್ಲ, ನಿತ್ಯದ ವಿಚಾರ. ಉದ್ಯಮದ ಹೊರಗೆ ನಿಂತು ನೋಡುವವನಿಗೆ ಒಂದು ಅನುಕೂಲವೂ ಉಂಟು. ಲಾಭನಷ್ಟದ ಗದ್ದಲವಿಲ್ಲದೆ ನಾಲ್ಕು ಉದಾಹರಣೆಗಳನ್ನು ಸಮಾಧಾನವಾಗಿ ತೂಗಿ ನೋಡಬಹುದು.

ಮೊದಲನೆಯ ಉದಾಹರಣೆ ನಮ್ಮ ಮನೆಯ ಅಡುಗೆಕೋಣೆಯಲ್ಲಿಯೇ ಇದೆ. 1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಕಟ್ಟಡದ ಮಾಳಿಗೆಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು ಹಪ್ಪಳ ಒತ್ತಲು ಕುಳಿತರು. ಆ ದಿನ ತಯಾರಾದದ್ದು ನಾಲ್ಕು ಪೊಟ್ಟಣ. ಬಂಡವಾಳ 80 ರೂಪಾಯಿ, ಅದೂ ಛಗನ್‌ಲಾಲ್ ಕರಮ್‌ಸಿ ಪಾರೇಖ್ ಎಂಬ ಸಮಾಜಸೇವಕರಿಂದ ಪಡೆದ ಸಾಲ. ಎಷ್ಟೇ ನಷ್ಟವಾದರೂ ಯಾರ ಬಳಿಯೂ ದಾನ ಕೇಳುವುದಿಲ್ಲವೆಂದು ಅವರು ಆರಂಭದಲ್ಲಿಯೇ ಗೊತ್ತು ಮಾಡಿಕೊಂಡರು. ಅದೇ ಇಂದಿನ ಲಿಜ್ಜತ್ ಪಾಪಡ್. 40 ಸಾವಿರಕ್ಕೂ ಹೆಚ್ಚು ಮಹಿಳೆಯರು ಅಲ್ಲಿ ದುಡಿಯುತ್ತಾರೆ, ದುಡಿಯುವವರೇ ಒಡತಿಯರು. ಮೊದಲ ದಿನ ಹಪ್ಪಳ ಒತ್ತಿದ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಜಮನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಆ 80 ರೂಪಾಯಿಯನ್ನು ಪಾರೇಖರು ದಾನವಾಗಿ ಕೊಟ್ಟಿದ್ದರೆ ಏನಾಗುತ್ತಿತ್ತು? ಏಳು ಮನೆಗಳಲ್ಲಿ ಕೆಲವು ದಿನ ಬೇಳೆ ಬೆಂದು, ಪಾರೇಖರ ಔದಾರ್ಯವನ್ನು ಹೊಗಳಿ, ಎಲ್ಲರೂ ಮರೆತುಬಿಡುತ್ತಿದ್ದರೋ ಏನೋ. ಸಾಲವಾದುದರಿಂದ ಆ ಹಣದ ಜೊತೆಗೆ ಇನ್ನೊಂದು ವಸ್ತುವೂ ಅವರ ಕೈಸೇರಿತು: 'ನೀವು ಇದನ್ನು ತೀರಿಸಬಲ್ಲಿರಿ' ಎಂಬ ನಂಬಿಕೆ. ದಾನ ಪಡೆದವನನ್ನು ಜಗತ್ತು ಕನಿಕರದಿಂದ ನೋಡುತ್ತದೆ. ಸಾಲ ಪಡೆದವನನ್ನು ಲೆಕ್ಕ ಕೇಳುತ್ತದೆ. ಲೆಕ್ಕ ಕೇಳುವುದು ಕಠಿಣವಾಗಿ ಕಂಡರೂ, ಎದುರಿಗಿರುವವರು ತನಗೆ ಸಮಾನರೆಂದು ಒಪ್ಪಿಕೊಂಡವನು ಮಾತ್ರ ಲೆಕ್ಕ ಕೇಳುತ್ತಾನೆ.

ಬಿ.ಎಸ್ಸಿ. ಓದಿದವರಿಗೆ ಪ್ರಯೋಗಶಾಲೆಯ ಒಂದು ಹಳೆಯ ಪ್ರಯೋಗ ನೆನಪಿರಬಹುದು. ಪೊಟ್ಯಾಸಿಯಂ ಕ್ಲೋರೇಟನ್ನು ಕಾಯಿಸಿದರೆ ಆಮ್ಲಜನಕ ಬರುವುದು ತಡ. ಅದಕ್ಕೆ ಒಂದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸಿದರೆ ಬೇಗನೆ ಬರುತ್ತದೆ. ವಿಶೇಷವೆಂದರೆ ಕ್ಲೋರೇಟು ಒಡೆದುಹೋಗುತ್ತದೆ, ಆದರೆ ಆ ಚಿಟಿಕೆ ಪುಡಿ ತೂಕ ಕಡಿಮೆಯಾಗದೆ ನಳಿಕೆಯ ತಳದಲ್ಲಿ ಉಳಿಯುತ್ತದೆ. ತೊಳೆದು ಒಣಗಿಸಿದರೆ ಮುಂದಿನ ತರಗತಿಯ ಹುಡುಗರಿಗೂ ಅದೇ ಸಾಕು. ಇಂಥ ವಸ್ತುವಿಗೆ ಕ್ಯಾಟಲಿಸ್ಟ್ ಎನ್ನುತ್ತಾರೆ. ಬಡ್ಡಿಯ ಆಸೆಯಿಲ್ಲದೆ, ಹಿಂದಿರುಗಬೇಕೆಂಬ ಕರಾರಿನಿಂದ ಕೊಟ್ಟ ಹಣವೂ ಹಾಗೆಯೇ. ಒಬ್ಬನ ಬದುಕನ್ನು ನಡೆಸಿಕೊಟ್ಟು, ಇದ್ದ ಹಾಗೆಯೇ ಮರಳಿ, ಮತ್ತೊಬ್ಬನಿಗಾಗಿ ಕಾದು ಕುಳಿತಿರುತ್ತದೆ.

ಜಮ್‌ಶೇಟ್‌ಜಿ ಟಾಟಾ ಅವರಿಗೆ ಈ ಗುಟ್ಟು ತಿಳಿದಿತ್ತು. 1892ರಲ್ಲಿ ಅವರು ಭಾರತೀಯ ವಿದ್ಯಾರ್ಥಿಗಳ ಉನ್ನತ ವ್ಯಾಸಂಗಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಅದರ ವಿದ್ಯಾರ್ಥಿವೇತನ ಮರಳಿಸಬೇಕಾದ ಸಾಲದ ರೂಪದ್ದು. ಓದಿ ಬಂದವನು ತೀರಿಸಿದ್ದು ಮುಂದೆ ಓದುವವನ ದಾರಿಖರ್ಚು. ಆದರೆ ಅವರು ಎಲ್ಲವನ್ನೂ ಸಾಲವಾಗಿಯೇ ಕೊಡಲಿಲ್ಲ. ವಿಜ್ಞಾನ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದು ತೋರಿದಾಗ ಮುಂಬಯಿಯಲ್ಲಿದ್ದ ತಮ್ಮ ಆಸ್ತಿಯಲ್ಲಿ ದೊಡ್ಡ ಪಾಲನ್ನು ತೆಗೆದಿಟ್ಟರು. 1904ರಲ್ಲಿ ಅವರು ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ಜನರ ಬಾಯಲ್ಲಿ ಅದು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. ಮುಂಬಯಿಯ ಒಬ್ಬ ಉದ್ಯಮಿಯ ಗಳಿಕೆ ಕನ್ನಡನಾಡಿನ ನೆಲದಲ್ಲಿ ವಿದ್ಯೆಯಾಗಿ ನಿಂತಿದೆ. ಕನ್ನಡನಾಡಿನಿಂದ ಮುಂಬಯಿಗೆ ಬಂದು ಉಣ್ಣುತ್ತಿರುವ ನಾವು ಆ ಲೆಕ್ಕವನ್ನು ಆಗೀಗ ನೆನೆಯುವುದು ಒಳ್ಳೆಯದು.

ಟಾಟಾ ಅವರ ಮಾತು ಬಿಡಿ, ಅವರು ಗಳಿಸಿದ ಮೇಲೆ ಕೊಟ್ಟವರು ಎಂದು ನಮ್ಮ ತರುಣರು ಹೇಳಬಹುದು. ಹಾಗಾದರೆ ಕರಾವಳಿಯ ಕಡೆ ತಿರುಗೋಣ. ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನು ತೆರೆದರು. 1894ರಲ್ಲಿ ಹುಡುಗಿಯರಿಗಾಗಿ ಇನ್ನೊಂದು ಶಾಲೆ. ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಅವರು ಆರಂಭಿಸಿದ್ದು 1906ರಲ್ಲಿ. ಗಮನಿಸಿ, ಶಾಲೆ ಮೊದಲು, ಬ್ಯಾಂಕು ಆಮೇಲೆ. 'ಮೊದಲು ಗಳಿಕೆ, ಆಮೇಲೆ ಸೇವೆ' ಎಂಬ ಕ್ರಮ ಇಲ್ಲಿ ತಲೆಕೆಳಗಾಗಿದೆ.

ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಮತ್ತು ಅವರ ಜೊತೆಗಾರರು 5,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕು ತೆರೆದರು. ಜಾತಿಮತಗಳ ಭೇದವಿಲ್ಲದೆ ಎಲ್ಲರಲ್ಲಿಯೂ ಉಳಿತಾಯದ ಅಭ್ಯಾಸ ಬೆಳೆಯಲಿ ಎಂಬುದು ಅವರ ಉದ್ದೇಶ. ಮೊದಲ ದಿನದ ಕೊನೆಗೆ ಅಲ್ಲಿ ಸೇರಿದ ಮೊತ್ತ 38 ರೂಪಾಯಿ 13 ಆಣೆ 2 ಪೈ. ಕಾರ್ಪೊರೇಷನ್ ಬ್ಯಾಂಕ್ ಎಂದು ನಾವು ಬಲ್ಲ ಬ್ಯಾಂಕಿನ ಹುಟ್ಟು ಅದು. 1925ರಲ್ಲಿ ಉಡುಪಿಯಲ್ಲಿಯೇ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿಯಿಂದ ಆರಂಭಿಸಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ನೇಕಾರರಿಗೆ ಬಂದಿದ್ದ ಕಷ್ಟಕಾಲದಲ್ಲಿ ಅವರಿಗೆ ನೆರವಾಗುವುದು ಅದರ ಉದ್ದೇಶಗಳಲ್ಲಿ ಒಂದು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟನು ಮನೆಬಾಗಿಲಿಗೇ ಬಂದು ಪಡೆದು ರಸೀದಿ ಕೊಡುತ್ತಿದ್ದ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಆ ಹನಿಯನ್ನು ಹಿಡಿಯಲು ಮನೆಮನೆಗೆ ಪಾತ್ರೆ ಕಳಿಸಿದವರು ಇವರು.

ಪಿಗ್ಮಿ ಎಂಬುದು ದಾನವೇ? ಅಲ್ಲ. ಬ್ಯಾಂಕಿಗೆ ಅದರಿಂದ ಠೇವಣಿ ಬರುತ್ತಿತ್ತು, ಏಜೆಂಟನಿಗೆ ಕಮಿಷನ್ ದೊರೆಯುತ್ತಿತ್ತು. ಆದರೆ ಅಷ್ಟು ಮಾತ್ರವೇ? ಮೀನು ಮಾರುವ ಹೆಂಗಸಿಗೆ, ಗೂಡಂಗಡಿಯವನಿಗೆ, ಹೋಟೆಲಿನ ಮಾಣಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವ ಧೈರ್ಯವಾಗಲಿ ಪುರುಸೊತ್ತಾಗಲಿ ಇಲ್ಲದಿದ್ದ ಕಾಲದಲ್ಲಿ ಮೆಟ್ಟಿಲೇ ಅವರ ಬಳಿಗೆ ಬಂತು. ಅವರ ಕಷ್ಟವನ್ನು ನೋಡಿ ಯೋಜನೆ ಹೊಸೆಯಲಾಯಿತು. ಆ ಯೋಜನೆಯಿಂದಲೇ ವ್ಯಾಪಾರವೂ ಬೆಳೆಯಿತು. ಸೇವೆ ಗಳಿಕೆಯೊಳಗೇ ಇರಬಹುದು ಎಂದರೆ ಇದೇ. ಮುಂದೆ ಡಾ. ಪೈ ಅವರು ಮಣಿಪಾಲದಲ್ಲಿ 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು ಎಂಬುದು ಎಲ್ಲರಿಗೂ ತಿಳಿದದ್ದೇ. 2020ರ ಏಪ್ರಿಲ್ 1ರಿಂದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಡನೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಡನೆ ವಿಲೀನವಾಗಿ ಆ ಎರಡು ಹೆಸರುಗಳು ಬೋರ್ಡುಗಳಿಂದ ಇಳಿದವು. ಹೆಸರು ಹೋದರೂ, ಅಂದು ಉಳಿಸಿದ ಎರಡು ಆಣೆಯಿಂದ ಫೀಸು ಕಟ್ಟಿ ಓದಿದವರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ.

ಈಗ ಮುಂಬಯಿಗೆ ಬರೋಣ. ದಕ್ಷಿಣ ಕನ್ನಡದಿಂದ ಬಂದ ನಮ್ಮ ಹಿರಿಯರು ಇಲ್ಲಿ ಹೋಟೆಲುಗಳನ್ನು ಕಟ್ಟಿದರು. ಊರಿನಿಂದ ಬಂದ ಹುಡುಗನಿಗೆ ಅಲ್ಲಿ ಎರಡು ಹೊತ್ತಿನ ಊಟ, ಮಲಗಲು ಜಾಗ, ಊರಿಗೆ ಮನಿಯಾರ್ಡರ್ ಮಾಡಲು ನಾಲ್ಕು ಕಾಸು ಸಿಕ್ಕಿತು. ಇದು ಉದ್ಯಮದ ಉಪಕಾರ. ಆದರೆ ಇದೇ ಪೂರ್ತಿ ಕಥೆಯಲ್ಲ. ಬೆಳಗಿನ ಜಾವ ಎದ್ದು ನಡುರಾತ್ರಿಯವರೆಗೆ ಟೇಬಲು ಒರೆಸಿದ ಆ ಹುಡುಗರಲ್ಲಿ ಎಷ್ಟೋ ಮಂದಿ ಹಾಲುಗಲ್ಲದವರು. ಇಂದಿನ ಕಾನೂನು ಅದನ್ನು ಒಪ್ಪುವುದಿಲ್ಲ, ಒಪ್ಪಲೂ ಬಾರದು. 2016ರ ತಿದ್ದುಪಡಿಯ ಅನಂತರ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲೇ ಆಗಲಿ ಬೇರೆಲ್ಲೇ ಆಗಲಿ ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ. ಉದ್ಯಮ ಅನ್ನ ಕೊಟ್ಟಿತು ಎಂದು ಹೇಳುವಾಗ ಅದು ಬಾಲ್ಯವನ್ನು ತೆಗೆದುಕೊಂಡಿತು ಎಂಬುದನ್ನೂ ಹೇಳದಿದ್ದರೆ ಲೆಕ್ಕ ಸರಿಯಾಗುವುದಿಲ್ಲ.

ಆ ಕೊರತೆಯನ್ನು ತುಂಬಲು ಹೊರಟದ್ದು ಇಲ್ಲಿಯ ಕನ್ನಡ ರಾತ್ರಿ ಶಾಲೆಗಳು. ಮೊಗವೀರ ಸಮಾಜದವರು 1908ರಷ್ಟು ಹಿಂದೆಯೇ ಮುಂಬಯಿಯಲ್ಲಿ ಉಚಿತ ರಾತ್ರಿ ಶಾಲೆಯನ್ನು ತೆರೆದರು. ಅನಂತರ ಬೇರೆ ಬೇರೆ ಸಮಾಜದವರು, ಸಂಘದವರು ಅದೇ ದಾರಿ ಹಿಡಿದರು. ಹಗಲು ಕಚೇರಿಯಲ್ಲೋ ಶಾಲೆಯಲ್ಲೋ ದುಡಿದು ರಾತ್ರಿ ಪಾಠ ಹೇಳಿದ ಮಾಸ್ತರರು, ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು ರಾತ್ರಿ ಕಲಿತ ಹುಡುಗರು, ಇಬ್ಬರೂ ದಣಿದವರೇ. ಹೀಗೆ ಓದಿದವರು ಬ್ಯಾಂಕಿಗೆ ಸೇರಿದರು, ವಕೀಲರಾದರು, ಸ್ವಂತ ಹೋಟೆಲು ತೆರೆದರು.

ಆದರೆ ಈ ಶಾಲೆಗಳ ವಿಷಯದಲ್ಲಿ ನಾವು ಸಾಮಾನ್ಯವಾಗಿ ಮರೆಯುವ ದಾನಿಯೊಬ್ಬನಿದ್ದಾನೆ. ಗೋಡೆಯ ಅಮೃತಶಿಲೆಯ ಮೇಲೆ ಅವನ ಹೆಸರಿಲ್ಲ. ಹುಡುಗನಿಗೆ ಸಂಜೆ ಬಿಡುವು ಕೊಟ್ಟ ಹೋಟೆಲು ಮಾಲೀಕನೇ ಅವನು. ಸಂಜೆ ಎಂದರೆ ಹೋಟೆಲಿಗೆ ಗಿರಾಕಿಗಳು ಮುಗಿಬೀಳುವ ಹೊತ್ತು. ಆ ಹೊತ್ತಿನಲ್ಲಿ ಒಬ್ಬ ಮಾಣಿಯನ್ನು 'ಹೋಗು, ಪಾಠಕ್ಕೆ ಹೊತ್ತಾಯಿತು' ಎಂದು ಕಳಿಸಿ, ತಾನೇ ಗಲ್ಲಾದಿಂದ ಎದ್ದು ನೀರು ಕೊಟ್ಟ ಮಾಲೀಕನ ಕೊಡುಗೆ ಯಾವ ರಸೀದಿಯಲ್ಲೂ ನಮೂದಾಗಿಲ್ಲ. ಶಾಲೆಯ ಕಟ್ಟಡಕ್ಕೆ ಸಾವಿರ ರೂಪಾಯಿ ಬರೆದು, ತನ್ನ ಹುಡುಗರನ್ನು ಮಾತ್ರ ಆ ಶಾಲೆಗೆ ಬಿಡದ ಮಾಲೀಕನೂ ಇದ್ದಿರಬಹುದು. ಈ ಇಬ್ಬರಲ್ಲಿ ಯಾರು ಹೆಚ್ಚು ಕೊಟ್ಟವರು? ನಮ್ಮ ತರುಣರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಇಡೀ ಲೇಖನ ಓದಿದಂತೆ.

ಇದರ ಮರು ಮುಖವನ್ನೂ ನೋಡಬೇಕು. 2013ರ ಕಂಪೆನಿ ಕಾಯಿದೆಯ 135ನೆಯ ಕಲಮು ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ಖರ್ಚು ಮಾಡಬೇಕೆಂದು ವಿಧಿಸುತ್ತದೆ. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಒಳ್ಳೆಯ ಕಾನೂನು, ಅದರಿಂದ ಎಷ್ಟೋ ಶಾಲೆಗಳಿಗೆ ಶೌಚಾಲಯ, ಆಸ್ಪತ್ರೆಗಳಿಗೆ ಯಂತ್ರ ಬಂದಿವೆ. ಆದರೆ ಕಾನೂನು ಎರಡರ ಲೆಕ್ಕ ಕೇಳಬಲ್ಲದು. ನೂರನ್ನೂ ಹೇಗೆ ಗಳಿಸಿದೆ ಎಂದು ಕೇಳಬೇಕಾದದ್ದು ಗಳಿಸಿದವನ ಮನಸ್ಸಾಕ್ಷಿ. ತೂಕದಲ್ಲಿ ಕಡಿಮೆ ಮಾಡಿ, ಕೂಲಿಯವನ ಪ್ರಾವಿಡೆಂಟ್ ಫಂಡು ಕಟ್ಟದೆ, ಹೊಳೆಗೆ ಕೊಳೆನೀರು ಬಿಟ್ಟು, ಆಮೇಲೆ ಆರೋಗ್ಯ ಶಿಬಿರ ನಡೆಸಿದರೆ ಅದು ಗೋವು ಕೊಂದು ಪಾದರಕ್ಷೆ ದಾನ ಮಾಡಿದ ಹಾಗೆ. ಅಷ್ಟು ಮಾತ್ರವಲ್ಲ, ಸೇವೆಯ ಹೆಸರಿನಲ್ಲಿ ಹುಟ್ಟಿದ ಉದ್ಯಮವೂ ಉರುಳಾಗಬಲ್ಲದು. ಬಡವರಿಗೆ ಸಣ್ಣ ಸಾಲ ಕೊಡುವ ಕಿರುಹಣಕಾಸು ಎಂಬುದು ಎಂಥ ಒಳ್ಳೆಯ ವಿಚಾರ! ಅದರ ವಸೂಲಿಯ ಕಿರುಕುಳ ತಡೆಯಲೆಂದು 2010ರಲ್ಲಿ ಆಂಧ್ರಪ್ರದೇಶ ಸರ್ಕಾರ, 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕ್ಯಾಟಲಿಸ್ಟಿಗೆ ಕಲ್ಮಷ ಸೇರಿದರೆ ಅದರ ಶಕ್ತಿ ಕುಂದುತ್ತದೆ ಎಂಬುದೂ ರಸಾಯನಶಾಸ್ತ್ರದ ಪಾಠವೇ. ಇಲ್ಲಿಯ ಕಲ್ಮಷದ ಹೆಸರು ದುರಾಸೆ.

ನಮ್ಮ ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹ ಎಂಬ ಎರಡು ಶಬ್ದಗಳನ್ನು ಅಕ್ಕಪಕ್ಕದಲ್ಲಿಯೇ ಇಟ್ಟರು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ಮನೆಯ ದಾಸೋಹ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳಂತೆ. ಹೆಚ್ಚು ತಂದರೆ ಹೆಚ್ಚು ಜನಕ್ಕೆ ಉಣಬಡಿಸಬಹುದಲ್ಲ ಎಂದು ಇಂದಿನ ನಾವು ವಾದಿಸುತ್ತೇವೆ. ಕೊಡುವ ನೆಪದಲ್ಲಿಯೂ ಅತಿಯಾಗಿ ಕೂಡಿಡಬಾರದು, ದಾಸೋಹವು ಕಾಯಕದ ತಪ್ಪನ್ನು ತೊಳೆಯುವ ನೀರಾಗಬಾರದು ಎಂಬುದು ಆ ತಾಯಿಯ ವಿವೇಕ. ಗಳಿಸುವ ರೀತಿ ಸರಿಯಿದ್ದರೆ ಮಾತ್ರ ಕೊಟ್ಟದ್ದು ದಾನ.

ಹಾಗಾದರೆ ಎಲ್ಲರಿಗೂ ಸಾಲ ಮತ್ತು ದುಡಿಮೆಯೇ ಮದ್ದೇ, ಉಚಿತವಾಗಿ ಕೊಡುವುದು ತಪ್ಪೇ? ಇಲ್ಲಿ ಎಚ್ಚರ ಬೇಕು. 'ದುಡಿದು ತಿನ್ನಬಾರದೇ?' ಎಂದು ಕೈಚಾಚಿದವನನ್ನು ಗದರುವವರು ನಮ್ಮಲ್ಲಿ ಬಹಳ. ಹಾಗೆ ಗದರುವ ಹಕ್ಕು ಯಾರಿಗಿದೆ ಎಂದರೆ, ಮರುಕ್ಷಣವೇ 'ನಾಳೆ ಬಾ, ಕೆಲಸ ಕೊಡುತ್ತೇನೆ' ಎನ್ನಬಲ್ಲವನಿಗೆ ಮಾತ್ರ. ಕೆಲಸವನ್ನೂ ಕೊಡದೆ ಕಾಸನ್ನೂ ಕೊಡದೆ ಉಪದೇಶವನ್ನಷ್ಟೇ ಕೊಡುವವನು ತನ್ನ ಜಿಪುಣತನಕ್ಕೆ ತತ್ತ್ವದ ಅಂಗಿ ತೊಡಿಸುತ್ತಾನೆ. ಹಸಿದವನಿಗೆ, ರೋಗಿಗೆ, ಮುದುಕರಿಗೆ, ಎಳೆಯ ಮಕ್ಕಳಿಗೆ ಲೆಕ್ಕ ಕೇಳದೆ ಕೊಡುವುದೇ ಧರ್ಮ. ದುಡಿಯಬಲ್ಲ ಕೈಗೆ ಸಲಕರಣೆ ಕೊಡಬೇಕು, ದುಡಿಯಲಾರದ ಕೈಗೆ ಅನ್ನವನ್ನೇ ಕೊಡಬೇಕು. ಯಾವ ಕೈ ಯಾವುದು ಎಂದು ದೂರದಿಂದ ತಿಳಿಯುವುದಿಲ್ಲ. ಹತ್ತಿರ ಹೋಗಿ ಮಾತಾಡಿಸಬೇಕು. ಸೇವೆಗೆ ಹಣಕ್ಕಿಂತ ಮೊದಲು ಸಮಯ ಬೇಕೆನ್ನುವುದು ಇದಕ್ಕಾಗಿಯೇ.

ಎರಡನ್ನೂ ಒಂದೇ ಸೂರಿನಡಿ ನಡೆಸಬಹುದೆಂಬುದಕ್ಕೆ ಮಧುರೆಯಲ್ಲಿ ಒಂದು ಸಾಕ್ಷಿಯಿದೆ. ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ 58ನೆಯ ವಯಸ್ಸಿನಲ್ಲಿ ನಿವೃತ್ತರಾದವರು. ಸಂಧಿವಾತದಿಂದ ಅವರ ಬೆರಳುಗಳು ಎಂದೋ ಸೊಟ್ಟಗಾಗಿದ್ದವು; ಆ ಬೆರಳುಗಳಲ್ಲಿಯೇ ಶಸ್ತ್ರ ಹಿಡಿಯುವುದನ್ನು ಕಲಿತುಕೊಂಡಿದ್ದರು. 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದರು. ಹಣವುಳ್ಳವರು ಹಣ ಕೊಡುತ್ತಾರೆ, ಇಲ್ಲದವರಿಗೆ ಉಚಿತ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಮಾತ್ರ ಇಬ್ಬರಿಗೂ ಅವರೇ. ಕಣ್ಣೊಳಗೆ ಕೂರಿಸುವ ಲೆನ್ಸು ಆಮದಾಗುತ್ತಿದ್ದಾಗ ಬಡವರ ಕೈಗೆಟುಕುತ್ತಿರಲಿಲ್ಲ. 1992ರಲ್ಲಿ ಆರೊಲ್ಯಾಬ್ ಎಂಬ ಕಾರ್ಖಾನೆ ತೆರೆದು ಅದನ್ನು ಅಗ್ಗದಲ್ಲಿ ಇಲ್ಲಿಯೇ ತಯಾರಿಸತೊಡಗಿದರು. ಕಚೇರಿಯಿಂದ ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು ಮನೆಗೆ ಹೋಗುವ ವಯಸ್ಸಿನಲ್ಲಿ ಆರಂಭವಾದ ಕೆಲಸ ಇದು.

ಹಾಗೆಂದು ವಿದ್ಯೆ, ಪದವಿ ಇರುವವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬಾರದು. ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನು ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಅಕ್ಷರವೇ ಕಲಿಯದಿದ್ದ ಅವರಿಗೆ ಉತ್ತರ ಹೇಳಲಾಗಲಿಲ್ಲ. ತನ್ನೂರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಹಣ್ಣಿನ ಗಳಿಕೆಯಲ್ಲಿ ಉಳಿಸುತ್ತ, ಕಚೇರಿಯಿಂದ ಕಚೇರಿಗೆ ಅಲೆಯುತ್ತ, ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಮಾಡಿದರು. 28 ಮಕ್ಕಳಿಂದ ಶುರುವಾದ ಶಾಲೆ ಅದು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಯೋಚಿಸಿ ನೋಡಿದರೆ, ಹಾಜಬ್ಬ ಅವರು 'ಸೆಟಲ್' ಆಗುವವರೆಗೆ ಕಾದಿದ್ದರೆ ಆ ಊರಿನ ಮಕ್ಕಳು ಇನ್ನೂ ಕಾಯುತ್ತಲೇ ಇರುತ್ತಿದ್ದರು.

ಇನ್ನು ನಮ್ಮ ಸಂಘದ ತರುಣ ತರುಣಿಯರು ಏನು ಮಾಡಬಹುದು? ದೊಡ್ಡ ಮಾತು ಬೇಡ. ಊರಿನಿಂದ ಹೊಸದಾಗಿ ಬಂದವರು ಇಂದಿಗೂ ಇದ್ದಾರೆ. ಆಸ್ಪತ್ರೆಯ ಅರ್ಜಿ, ಬ್ಯಾಂಕಿನ ಅರ್ಜಿ, ಮಕ್ಕಳ ಶಾಲೆಯ ಅರ್ಜಿ ಅವರಿಗೆ ಬೆಟ್ಟ. ಭಾನುವಾರ ಎರಡು ಗಂಟೆ ಸಂಘದ ಕೋಣೆಯಲ್ಲಿ ಕುಳಿತು ಅವನ್ನು ತುಂಬಿಕೊಡಲು ಬಂಡವಾಳ ಬೇಕಿಲ್ಲ. ಹತ್ತು ಜನ ಸೇರಿ ತಿಂಗಳಿಗೆ ಇಷ್ಟೆಂದು ಹಾಕಿದರೆ ಬಡ್ಡಿಯಿಲ್ಲದೆ ಮರಳಿಸುವ ಒಂದು ಸಣ್ಣ ವಿದ್ಯಾನಿಧಿ ಆಗುತ್ತದೆ. ಹೊಲಿಗೆ ಬಲ್ಲವಳಿಗೆ ಒಂದು ಯಂತ್ರ, ಅಡುಗೆ ಬಲ್ಲವಳಿಗೆ ಡಬ್ಬಾ ವ್ಯವಹಾರದ ಆರಂಭದ ಖರ್ಚು ಇದರಿಂದ ದೊರೆತೀತು. ಕಂಪ್ಯೂಟರ್ ಬಲ್ಲವರು ಅವರ ಲೆಕ್ಕ ಬರೆದುಕೊಡಲಿ, ಗಿರಾಕಿಗಳನ್ನು ಹುಡುಕಿಕೊಡಲಿ. ಸ್ವಂತ ಉದ್ಯಮ ಹೂಡಿದವರು ಕೆಲಸಗಾರರ ಸಂಬಳವನ್ನು ತಿಂಗಳ ಮೊದಲ ವಾರದಲ್ಲಿಯೇ ಕೊಡಲಿ, ಓದುವ ಹುಡುಗನಿಗೆ ಸಂಜೆ ಬಿಡುವು ಕೊಡಲಿ. ಇವೆಲ್ಲ ದಾನದ ಪಟ್ಟಿಗೆ ಸೇರುವುದಿಲ್ಲ, ಆದರೂ ದಾನವೇ.

ಗುಮಾಸ್ತನ ಬಾಯಿಂದ ಬರಬೇಕಾದ ಒಂದು ಮಾತನ್ನೂ ಸೇರಿಸುತ್ತೇನೆ. ಹತ್ತು ರೂಪಾಯಿ ಬಂದರೂ ರಸೀದಿ, ಹತ್ತು ರೂಪಾಯಿ ಹೋದರೂ ವೋಚರು ಇರಲಿ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯಾಗಿ ಸರ್ವಸಾಧಾರಣ ಸಭೆಯಲ್ಲಿ ಓದಲ್ಪಡಲಿ. 'ನಮ್ಮ ಮೇಲೆ ನಂಬಿಕೆಯಿಲ್ಲವೇ?' ಎಂದು ಮುನಿಸಿಕೊಳ್ಳುವ ಪದಾಧಿಕಾರಿಗಳಿಂದ ಒಡೆದ ಸಂಘಗಳು ಕಳ್ಳರಿಂದ ಒಡೆದ ಸಂಘಗಳಿಗಿಂತ ಹೆಚ್ಚಿರಬಹುದು. ಲೆಕ್ಕ ಎಂಬುದು ಅಪನಂಬಿಕೆಯ ಗುರುತಲ್ಲ. ಮುಂದೆ ಬರುವವರು ನಮ್ಮನ್ನು ನಂಬಲಿ ಎಂದು ಬರೆದಿಡುವ ಪತ್ರ ಅದು.

ಊರು ಉಪಕಾರ ಅರಿಯದು ಎಂದು ಹಿರಿಯರು ಗಾದೆ ಮಾಡಿದ್ದಾರೆ. ನಿಜ, ನೆರವು ಪಡೆದವರೆಲ್ಲ ನೆನೆಯುವುದಿಲ್ಲ. ಕೆಲವರು ಎದುರು ಸಿಕ್ಕರೆ ಮುಖ ತಿರುಗಿಸುವುದೂ ಉಂಟು. ಆದರೆ ನೆನಪಿಗಾಗಿ ಕೊಟ್ಟದ್ದು ವ್ಯಾಪಾರವಾಯಿತು, ಅದೂ ನಷ್ಟದ ವ್ಯಾಪಾರ. ಪಡೆದವನು ನಮ್ಮನ್ನು ಮರೆತು ಇನ್ನೊಬ್ಬನಿಗೆ ಕೈನೀಡಿದರೆ ನಮ್ಮ ಸಾಲ ತೀರಿತೆಂದೇ ತಿಳಿಯಬೇಕು. ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರ ಮನೆಯ ಮಕ್ಕಳೇ ಅಟ್ಟ ಹತ್ತಿದ ಮೇಲೆ ಏಣಿ ಒದೆಯುವವರಾದರೆ ಅದು ದುಃಖದ ಸಂಗತಿ.

ಆದುದರಿಂದ ತಂದೆತಾಯಿಗಳಲ್ಲಿ ಒಂದು ವಿನಂತಿ. ಮಗನೋ ಮಗಳೋ ಸ್ವಂತ ಉದ್ಯಮ ಮಾಡುತ್ತೇನೆ ಎಂದಾಗ 'ಅದೆಲ್ಲ ನಮ್ಮಂಥವರಿಗಲ್ಲ' ಎಂದು ಬಾಯಿ ಮುಚ್ಚಿಸಬೇಡಿ. ಲಾಭ ಎಷ್ಟು ಬರುತ್ತದೆ ಎಂದು ಅವಶ್ಯ ಕೇಳಿ. ಅದರ ಜೊತೆಗೆ, ಇದರಿಂದ ಯಾರ ಕಷ್ಟ ಹಗುರವಾಗುತ್ತದೆ, ಜೊತೆಯಲ್ಲಿ ದುಡಿಯುವವರಿಗೆ ಏನು ದೊರೆಯುತ್ತದೆ ಎಂದೂ ಕೇಳಿ. ನೌಕರಿಗೆ ಹೋಗುವ ಮಕ್ಕಳನ್ನು ಸಂಬಳದೊಂದಿಗೆ ಅವರ ಭಾನುವಾರದ ಲೆಕ್ಕವನ್ನೂ ಕೇಳಿ. ಈ ಪ್ರಶ್ನೆಗಳನ್ನು ಕೇಳಿಸಿಕೊಂಡು ಬೆಳೆದ ಮಕ್ಕಳು ಸೇವೆಯನ್ನು ನಿವೃತ್ತಿಯ ದಿನಕ್ಕೆಂದು ಎತ್ತಿಡಲಾರರು.